ಮನೆದೇವರು ಯಾವುದು

ಆಳಂದ, ಆಗಸ್ಟ್ 2, ಶನಿವಾರ

ಆ ಹುಡುಗಿಯ ಮಾತು ತಲೆಯಿಂದ ಹೋಗುತ್ತಿಲ್ಲ.

ವಂಶವಾಹಿಯ ಪಾಠ ಮುಗಿಯಿತೆಂದು ಇಂದು ಹತ್ತನೆಯ ತರಗತಿಗೆ ಒಂದು ಸಿನಿಮಾ ತೋರಿಸಿದೆ. ಅದರಲ್ಲಿ ಮಗು ಹುಟ್ಟಿದ ದಿನವೇ ಒಂದು ಹನಿ ರಕ್ತ ತೆಗೆದು, ಅದು ಮುಂದೆ ಯಾವ ಕೆಲಸ ಮಾಡಬೇಕು, ಎಲ್ಲಿ ಇರಬೇಕು ಎಂದು ಚೀಟಿ ಬರೆದುಕೊಡುತ್ತಾರೆ. ನಾಯಕಿ ಆ ಚೀಟಿಯನ್ನು ಬಚ್ಚಿಟ್ಟುಕೊಂಡು ಬದುಕುತ್ತಾಳೆ. ಇದು ಐವತ್ತು ವರ್ಷ ಮುಂದಿನ ಕಥೆ ಎಂದೆ. ಹಿಂದಿನ ಬೆಂಚಿನ ಜಯಮಾಲಾ ಎದ್ದು ನಿಂತಳು.

"ಟೀಚರ್, ನಮ್ಮೂರಾಗ ರಕ್ತ ಯಾಕ್ರಿ ಬೇಕು? ಯಾವ ಓಣಿ ಅಂತ ಕೇಳಿದ್ರ ಸಾಕಲ್ರಿ."

ಯಾರೂ ನಗಲಿಲ್ಲ. ಅವಳಂಥದೇ ದಲಿತರ ಓಣಿಯಿಂದ ಬಂದ ನಾನು ಪರದೆ ಮಡಚತೊಡಗಿದೆ. ನಾನೂ ಅಂಥಲ್ಲಿಂದಲೇ ಬಂದವಳು ಎಂದು ಯಾವ ಬಾಯಿಂದ ಹೇಳಲಿ? ಜೂನ್‌ನಲ್ಲಿ ಈ ಬಾಡಿಗೆ ಮನೆ ನೋಡಲು ಬಂದಾಗ ಮಾಲೀಕರ ಹೆಂಡತಿ ನಾಗರತ್ನಾಬಾಯಿ ಜಾತಿ ಕೇಳಲಿಲ್ಲ. ಇಲ್ಲಿ ಯಾರೂ ನೇರವಾಗಿ ಕೇಳುವುದಿಲ್ಲ. ಚಹಾ ಕೊಡುತ್ತ, "ನಿಮ್ಮ ಮನಿದೇವ್ರು ಯಾವುದ್ರಿ?" ಎಂದರು. ಗಾಣಗಾಪುರದ ದತ್ತ ಎಂದುಬಿಟ್ಟೆ. ಅಪ್ಪ ಕೊಟ್ಟ ಬುದ್ಧನ ಫೋಟೊ ಅಂದಿನಿಂದ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ನನ್ನ ಚೀಟಿ ಅದು.

ಇಂದು ಸಂಜೆ ಮಾಲೀಕರ ಮನೆಯಲ್ಲೇ ಸುತ್ತಿಗೆ ಕೇಳಿ ತಂದೆ. ಬಾಗಿಲು ತೆರೆದರೆ ಎದುರಿಗೇ ಕಾಣುವ ಗೋಡೆಗೆ ಮೊಳೆ ಹೊಡೆದು ಫೋಟೊ ಹಾಕಿದೆ. ಸದ್ದು ಕೇಳಿ ನಾಗರತ್ನಾಬಾಯಿ ಬಂದು ನೋಡಿದರು.

"ದತ್ತ ಅಂದಿದ್ರಲ್ರಿ?"

"ಸುಳ್ಳ ಹೇಳಿದ್ದೆ ರೀ. ನಾವು ಬೌದ್ಧರು."

"ನಮ್ಮ ಮನ್ಯಾವ್ರಿಗೆ ಕೇಳಬೇಕಾಗ್ತದ" ಎಂದು ಹೊರಟುಹೋದರು.

ಕೇಳಲಿ. ಮನೆ ಬಿಡಿಸಿದರೆ ಬಿಡುತ್ತೇನೆ, ಮುಂದಿನ ಮನೆಯಲ್ಲಿ ಚಹಾ ಬರುವ ಮೊದಲೇ ಹೇಳುತ್ತೇನೆ. ಸೋಮವಾರ ಜಯಮಾಲಾಳಿಗೂ ಹೇಳಬೇಕು. ಎಲ್ಲರೆದುರಿಗೇ.

ಕಣ್ಣು ಎಳೆಯುತ್ತಿದೆ. ನಾಗರತ್ನಾಬಾಯಿ ಸುತ್ತಿಗೆ ವಾಪಸ್ ಕೇಳುವುದನ್ನು ಮರೆತರು. ಇಲ್ಲೇ ಇದೆ, ಈ ದಿನಚರಿಯ ಪಕ್ಕದಲ್ಲಿ.