ಪ್ರವಾಹಗೋಡೆಯ ಮೇಲಿನ ಕಂಬಳಿ

ನದಿಬೀದಿ, ಕೆಂಟಕಿ
ಮಾರ್ಚ್ 9, 1998

ಚಿತ್ರಗೋಡೆ ಸಮಿತಿಯ ಮಾನ್ಯ ಕ್ರಾಫ್ಟನ್ ಅವರಿಗೆ,

ಇದು ನನ್ನ ಮೂರನೆಯ ಪತ್ರ. ಇನ್ನೊಂದು ಬರೆಯುವ ತ್ರಾಣವಿಲ್ಲ.

ಒಹಾಯೋ ನದಿಯ ಪ್ರವಾಹ ತಡೆಗೋಡೆಯ ಮೇಲೆ ನೀವು ಚಿತ್ರಗಳಲ್ಲಿ ಬರೆಸುತ್ತಿರುವ ಊರಿನ ಚರಿತ್ರೆಯನ್ನು ನಿನ್ನೆ ಮತ್ತೆ ನೋಡಿಬಂದೆ. 1937ರ ನೆರೆಯ ಚಿತ್ರದಲ್ಲಿ ಬ್ಯಾಂಕಿನ ಹಾಲೋವೆಲ್ ಸಾಹೇಬರು ದೋಣಿಗೆ ಹುಟ್ಟು ಹಾಕುತ್ತಿದ್ದಾರೆ. ನನ್ನಮ್ಮ ಒಡೆಸ್ಸಾ ಕಂಬಳಿ ಹೊದ್ದು ಮುದುಡಿ ಕೂತಿದ್ದಾಳೆ. "ನಿಮ್ಮಮ್ಮನ ಮುಖ ಎಷ್ಟ್ ಚೆನ್ನಾಗ್ ಬಂದಿದೆ ನೋಡಿ!" ಎಂದ ನಿಮ್ಮ ಕಲಾವಿದ. ಬಂದಿದೆ, ಸುಳ್ಳಲ್ಲ.

ಆದರೆ ಆ ದಿನ ದೋಣಿಯಲ್ಲಿ ಏಳು ವರ್ಷದ ನಾನೂ ಇದ್ದೆ. ಹೋಟೆಲಿನ ಬಟ್ಟೆ ಒಗೆಯುತ್ತಿದ್ದ ಅಮ್ಮನೇ ಹುಟ್ಟು ಹಾಕಿಕೊಂಡು ಹೋಗಿ, ಛಾವಣಿಯ ಮೇಲೆ ಸಿಕ್ಕಿಬಿದ್ದಿದ್ದ ಸಾಹೇಬರನ್ನು ಇಳಿಸಿಕೊಂಡಳು. ಅವರು ಹೆದರಿ ಎದ್ದೆದ್ದು ನಿಲ್ಲುತ್ತಿದ್ದಾಗ, "ಸುಮ್ನೆ ಕೂತ್ಕೊಳ್ಳಿ ಸಾಹೇಬ್ರೇ, ನಿಮ್ ಬ್ಯಾಂಕ್ ಮುಳುಗಿದ್ದು ಸಾಲ್ದಾ?" ಎಂದು ಗದರಿದಳು.

ಬಣ್ಣ ಒಣಗಿದೆ, ಹೊಸದಾಗಿ ಬರೆಸಲು ಆಗದು ಎನ್ನುತ್ತೀರಿ. ಮುಖಗಳನ್ನೂ, ಸಾಹೇಬರ ಬಿಳಿ ಕೈ ಅಮ್ಮನ ಕಪ್ಪು ಕೈಗಳ ಬಣ್ಣವನ್ನೂ ಅದಲುಬದಲು ಮಾಡಿಸಿದರೆ ಸಾಕು. ಕಂಬಳಿಯನ್ನು ಮಾತ್ರ ಅಳಿಸಬೇಡಿ. ಅದು ನಮ್ಮ ಮನೆಯದು. ಚಳಿಗೆ ನಡುಗುತ್ತಿದ್ದ ಸಾಹೇಬರಿಗೆ ಅಮ್ಮ ಹೊದಿಸಿದ್ದು. ಅವರ ಮನೆಯವರು ಅದನ್ನು ಇನ್ನೂ ವಾಪಸು ಕೊಟ್ಟಿಲ್ಲ.

ಇತಿ,
ಐಡೆಲ್ಲಾ ಪೆಟಸ್