ಎಡಗೈ ಕಟ್ಟಿದ ಬೇಸಿಗೆ

ಶನಿವಾರ, ೧೪ ಜನವರಿ ೧೯೫೬. ಬಾಗಲಕೋಟೆ

ನಾಲ್ಕನೇ ಇಯತ್ತೆಯ ಪಾಟಿ ತಿದ್ದಿ ತಿದ್ದಿ ಸಾಕಾಯಿತು. ಹುಡುಗಿಯರು 'ಳ' ಬರೆದರೆ ಥೇಟ್ ಜಿಲೇಬಿ. ನನ್ನ ಅಕ್ಷರ ನೋಡಿ ಕಲಿಯಿರೇ ಎಂದೆ. ಸೊಕ್ಕು ಅನ್ನಲಿ, ಇಡೀ ಕನ್ಯಾಶಾಲೆಯಲ್ಲಿ ಇಷ್ಟು ದುಂಡಗೆ ಬರೆಯುವವರು ಇನ್ಯಾರು?

ಮಾವಶಿ, ನನ್ನವ್ವನ ಅಕ್ಕ, ಮಡಿಯಲ್ಲಿ ಕುಸುರೆಳ್ಳು ಮಾಡುತ್ತ ಕೂತಿದ್ದಾಳೆ. ಹತ್ತಿರ ಹೋದರೆ ಬೈಗುಳ. ನಾಳೆ ನಾನು ಬಾದಾಮಿಗೆ, ನನ್ನ ತಮ್ಮನ ಮನೆಗೆ. ಸ್ಟೇಶನ್ನಿಗೆ ಟಾಂಗಾ ಹೇಳಿದ್ದಾಗಿದೆ.

ಶುಕ್ರವಾರ, ೯ ಮಾರ್ಚ್

ಎಡಗೈ ಬರಹ. ಅವತ್ತು ಸ್ಟೇಶನ್ ದಾರಿಯಲ್ಲಿ ಟಾಂಗಾ ಉರುಳಿತು. ತಲೆಗೆ ಪೆಟ್ಟು. ಬಲಗೈ ಇದೆ — ಮಾತು ಕೇಳುವುದಿಲ್ಲ. ಇಷ್ಟಕ್ಕೇ ಬೆವರು.

ಮಂಗಳವಾರ, ೨೭ ಮಾರ್ಚ್

ದವಾಖಾನೆ. ಡಾಕ್ಟರು ಬಲಗೈ ಹಿಡಿದು ನೋಡಿದರು. ಬೆರಳು ಒಂದಿಷ್ಟು ಅಲುಗಿದವು, ಅಷ್ಟೇ.

"ಕೈಗೇನೂ ಆಗಿಲ್ರಿ ಬಾಯಾರ. ಪೆಟ್ಟು ಬಿದ್ದದ್ದು ಮಿದುಳಿಗೆ. ಇನ್ನ ಎಡಗೈನ ನಂಬ್ರಿ."

ನಂಬಿದೆ. ಎಡಗೈ ಜಾಣೆ, ಈಗ ಸರಸರ ಬರೆಯುತ್ತದೆ. ಆದರೆ ಸಂಜೆ ಮನೆಗೆ ಹೆಡ್‌ಮಿಸ್ಟ್ರೆಸ್ ಬಂದರು. "ಎಡಗೈಲೆ ಶ್ರೀ ಬರದ್ರ ಹುಡುಗೇರ ಅವ್ವಂದಿರು ಸುಮ್ಮನಿರ್ತಾರೇನ್ರಿ, ಜಾನಕಿಬಾಯಿ? ಜೂನದಾಗ ಸಾಲಿ ಸುರು. ಬೋರ್ಡಿನ ಮ್ಯಾಲೆ ಬಲಗೈಲೆ ಬರೀರಿ. ಇಲ್ಲಾಂದ್ರ ಬ್ಯಾರೆಯವರನ್ನ ತಗೋಬೇಕಾಗ್ತದ."

ಅವರು ಹೋದ ಮೇಲೆ ಅತ್ತುಬಿಟ್ಟೆ. ಗಂಡ ಹೋದ ಮೇಲೆ ನನ್ನನ್ನು ನಿಲ್ಲಿಸಿದ್ದು ಆ ಶಾಲೆ. ಅದೂ ಇಲ್ಲದಿದ್ದರೆ...

ಸೋಮವಾರ, ೨ ಏಪ್ರಿಲ್

ಮಾವಶಿಯೊಂದಿಗೆ ಜಗಳ. ಇಷ್ಟು ದಿನ ಅವಳೇ ಉಣಿಸುತ್ತಿದ್ದಳು. ಇವತ್ತು ನಾನೇ ಉಣ್ಣಲು ಹೋದೆ, ಎಡಗೈಯಿಂದ.

"ಎಡಗೈಲೆ ಉಣ್ಣೂದು ಈ ಮನ್ಯಾಗ ನಡಿಯೂದಿಲ್ಲ!"

"ಹಂಗಾರ ನೀನ ಉಣಿಸು."

"ಉಣಿಸೂದೂ ಇಲ್ಲ. ದೇವರು ಬಲಗೈ ಕೊಟ್ಟಾನಲಾ, ಅದರಲೇ ಉಣ್ಣು."

ಹಳೇ ಇಳಕಲ್ ಸೀರೆಯ ದಡಿ ಹರಿದು ತಂದಳು. ನನ್ನ ಎಡಗೈ ಸೊಂಟಕ್ಕೆ ಕಟ್ಟಿಯೇ ಬಿಟ್ಟಳು! ಕಳ್ಳನಿಗೆ ಕಟ್ಟಿದ ಹಾಗೆ. ಅನ್ನ ತಾಟಿನಿಂದ ಮಡಿಲಿಗೆ, ಮಡಿಲಿನಿಂದ ನೆಲಕ್ಕೆ. ಬಾಯಿಗೆ ಒಂದು ಅಗುಳೂ ಇಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಮುದುಕಿ ಜಗ್ಗಲಿಲ್ಲ. ತಾನೂ ಉಣ್ಣದೆ ಎದುರಿಗೆ ಕೂತಿದ್ದಳು.

ಗುರುವಾರ, ೧೯ ಏಪ್ರಿಲ್

ತುತ್ತು!! ಮೊಸರನ್ನ. ಅರ್ಧ ಗಲ್ಲಕ್ಕೆ, ಅರ್ಧ ಬಾಯಿಗೆ — ಬಲಗೈಯಿಂದ. ಮಾವಶಿ ಗೋಡೆ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹೊಗಿ ಭಾಳ ಆತು" ಅಂದಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಮಂಗಳವಾರ, ೮ ಮೇ

ಈಗ ನಾನೇ ಕೇಳಿ ಕಟ್ಟಿಸಿಕೊಳ್ಳುತ್ತೇನೆ. ಊಟಕ್ಕಷ್ಟೇ ಅಲ್ಲ, ದಿನವಿಡೀ. ಬೇಳೆಯ ಹರಳು ಆರಿಸುವುದು, ಬತ್ತಿ ಹೊಸೆಯುವುದು, ಪಾಟಿಯ ಮೇಲೆ ಗೀಚುವುದು. ದಡಿ ಬಿಚ್ಚುವುದು ಸ್ನಾನಕ್ಕೆ, ನಿದ್ದೆಗೆ, ಈ ಬರಹಕ್ಕೆ ಮಾತ್ರ.

ಡಾಕ್ಟರು ಮನೆಗೆ ಬಂದರು. ಕಟ್ಟಿದ ಕೈ ನೋಡಿ ಸಿಟ್ಟಾದರು. "ಏನ್ರೀ ಇದು ಜುಲುಮ?" ಬಲಗೈಯಿಂದ ಚಹಾದ ಕಪ್ಪು ಎತ್ತಿ ಅವರ ಮುಂದಿಟ್ಟೆ. ಬಸಿಯಲ್ಲಿ ತುಸು ಚೆಲ್ಲಿತು. ಅವರು ಚಹಾ ಮರೆತು ಕೈಯನ್ನೇ ನೋಡಿದರು.

"ಮಿದುಳು ಬ್ಯಾರೆ ದಾರಿ ಹುಡಿಕ್ಯದ ಕಾಣಸ್ತದ... ಯಾರ ಯುಕ್ತಿರೀ ಇದು?"

"ಯುಕ್ತಿ ಎಲ್ಲಿದ್ರಿ?" ಅಂದಳು ಮಾವಶಿ. "ಎಡಗೈ ತಾಟಿಗೆ ತಾಗಬಾರದಂತ ಕಟ್ಟೀನಿ."

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಹಿಂದೊಮ್ಮೆ ಹೊಳೆಗೆ ಹೋಗುವ ಓಣಿ ಮುಚ್ಚಿದ್ದಾಗ ಕೊಡ ಹೊತ್ತವರು ನಡೆದು ನಡೆದು ಹೊಲದಲ್ಲಿ ಕಾಲುದಾರಿ ಬಿದ್ದಿತ್ತು. ನನ್ನ ತಲೆಯೊಳಗೂ ಹಾಗೇ ಆಗಿರಬೇಕು.

ಸೋಮವಾರ, ೧೧ ಜೂನ್, ಸಂಜೆ

ಇದು ಬಲಗೈ. ಅಕ್ಷರ ಸೊಟ್ಟ. ಇರಲಿ.

ಶಾಲೆ ಸುರುವಾಯಿತು. ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲೇ ನಿಂತರು. ಬೋರ್ಡಿನ ಮೇಲೆ ಬರೆಯಲು ಹೋದಾಗ ಖಡು ಒಮ್ಮೆ ಕೈಜಾರಿತು. ಎತ್ತಿಕೊಂಡೆ — ಬಲಗೈಯಿಂದಲೇ. ಶ್ರೀ ಬರೆದೆ. ಕೆಳಗೆ 'ಳ'. ಅದೂ ಜಿಲೇಬಿ! ಹುಡುಗಿಯರು ಕಿಸಕ್ಕೆಂದರು. ನಾನೂ. "ಇನ್ನ ಕೂಡೇ ಕಲಿಯೂಣು" ಅಂದೆ. ಹೆಡ್‌ಮಿಸ್ಟ್ರೆಸ್ ಒಳಗೆ ಬಂದು ಹಾಜರಿ ಪುಸ್ತಕ ನನ್ನ ಕೈಗಿತ್ತರು. "ನಿಮ್ಮ ವರ್ಗ ನೀವ ಸಂಭಾಳಸ್ರಿ, ಬಾಯಾರ."

ಗೆದ್ದೆ. ಗೆದ್ದೆ!

ಮನೆಗೆ ಬಂದು ಹೇಳಿದೆ. ಮಾವಶಿ ದಡಿ ಒಗೆದು ಹಗ್ಗಕ್ಕೆ ಹಾಕಿದ್ದಾಳೆ.

ಬೆರಳು ಸೋತಿವೆ. ಎಡಗೈಗೆ ಕೊಟ್ಟರೆ ಈಗಲೇ ಮುಗಿಸಿಬಿಡುತ್ತದೆ. ಕೊಡುವುದಿಲ್ಲ. ಉಳಿದದ್ದೂ ಈ ಕೈಯೇ ಬರೆ—