ಸೊಸೆಯ ಹೆಸರಿನ ಫೋನು

ಹೊನ್ನಾಳಿ
3 ನವೆಂಬರ್ 2025

ಪ್ರೀತಿಯ ಅತ್ತೆಗೆ ಪ್ರಮೀಳಾಳ ಶರಣುಗಳು.

ಅತ್ತೆ ಎಂದೇ ಬರೆದಿದ್ದೇನೆ. ನಿಮ್ಮ ಮಗನಿಗೂ ನನಗೂ ಕೋರ್ಟಿನಲ್ಲಿ ವಿಚ್ಛೇದನವಾದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೆಂದು ಯಾವ ವಕೀಲರೂ ಹೇಳಿಕೊಡಲಿಲ್ಲ. ನಿರ್ಮಲಮ್ಮನವರೇ ಎಂದು ಬರೆದರೆ ನೀವು ಪತ್ರ ಹರಿದು ಒಲೆಗೆ ಹಾಕುತ್ತೀರಿ. ಅದಕ್ಕೇ ಅತ್ತೆ. ನಿಮ್ಮ ದನಿ ಕೇಳಿ ಮೂರು ವರ್ಷವಾಯಿತು. ನಿಮ್ಮೂರು ಸಂತೇಬೆನ್ನೂರಿನ ಬಸ್ಸು ಕಂಡರೆ ಈಗಲೂ ಕಿಟಕಿಗಳನ್ನೆಲ್ಲ ನೋಡುತ್ತೇನೆ, ನೀವು ಎಲ್ಲಾದರೂ ಕುಳಿತಿದ್ದೀರೇನೋ ಎಂದು.

ಮೊದಲು ಜಗಳ ಮುಗಿಸಿಬಿಡುತ್ತೇನೆ.

ಇಲ್ಲಿ ಖಾರದ ಪುಡಿಯ ಗಿರಣಿ ಹಾಕಬೇಕೆಂದು ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದೆ. ಮಳಿಗೆ ನೋಡಿಯಾಗಿತ್ತು, ನ್ಯಾಮತಿಯ ಅಂಗಡಿಯವರು ಪುಡಿ ನಿಮ್ಮಿಂದಲೇ ಕೊಳ್ಳುತ್ತೇವೆ ಎಂದಿದ್ದರು. ಮ್ಯಾನೇಜರು ನನ್ನ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ, ಮೇಡಂ, ನಿಮ್ಮ ಮೇಲೊಂದು ಬಾಕಿ ಇದೆ, ವಸೂಲಿಯವರ ಕೈಗೆ ಹೋಗಿದೆ ಎಂದರು. ನಾನು ಯಾರ ಹತ್ತಿರವೂ ಒಂದು ಲೋಟ ಸಕ್ಕರೆ ಕೂಡ ಕಡ ತಂದವಳಲ್ಲ, ನಿಮಗೆ ಗೊತ್ತು. ಯಾವುದೋ ಫೈನಾನ್ಸ್ ಕಂಪನಿ, ಮೊಬೈಲ್ ಫೋನಿನ ಸಾಲ. ಪ್ಯಾನ್ ಕಾರ್ಡ್ ನನ್ನದು, ಫೋನ್ ನಂಬರ್ ನನ್ನದಲ್ಲ, ವಿಳಾಸ ನಿಮ್ಮ ಮನೆಯದು. ಗಿರಣಿಯ ಸಾಲ ಅಲ್ಲಿಗೇ ನಿಂತಿತು.

ವಿಳಾಸ ನೋಡಿದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ನನ್ನ ಕಾರ್ಡುಗಳ ನಕಲು ನಿಮ್ಮ ಬೀರುವಿನಲ್ಲೇ ಉಳಿದಿತ್ತಲ್ಲ, ನಿಮ್ಮ ಮಗ ವಿನಯನೇ ಬಳಸಿದ್ದಾನೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ. ಈ ಖಾತೆ ನನ್ನದಲ್ಲ, ಯಾರೋ ನನ್ನ ಹೆಸರಿನಲ್ಲಿ ಮೋಸ ಮಾಡಿದ್ದಾರೆ ಎಂದು ರಿಪೋರ್ಟ್ ಕೊಡುವ ಸಂಸ್ಥೆಗೆ ಆಕ್ಷೇಪಣೆ ಹಾಕಿದೆ. ಫೈನಾನ್ಸಿನವರು ಫೋನ್ ಮಾಡಿ, ಪೊಲೀಸ್ ದೂರಿನ ಪ್ರತಿ ಕಳಿಸಿ, ಮೋಸ ಮಾಡಿದವರನ್ನು ಹಿಡಿಯೋಣ ಎಂದರು. ದೂರು ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಠಾಣೆಗೆ ಹೋಗುವ ಮುಂಚೆ ಫೋನ್ ಮಾರಿದವರನ್ನೂ ಒಂದು ಕೈ ನೋಡಿಕೊಳ್ಳೋಣ ಎಂದು ಸಾಲದ ಕಾಗದದಲ್ಲಿ ಹೆಸರಿದ್ದ ಚನ್ನಗಿರಿಯ ಅಂಗಡಿಗೆ ಹೋದೆ.

ಅಲ್ಲಿ ಪುಷ್ಪಾ ಎಂಬ ಹುಡುಗಿ ಕೆಲಸಕ್ಕಿದ್ದಾಳೆ, ನಿಮ್ಮ ಊರಿನವಳೇ. ನಾನು ಜೋರು ಮಾಡುತ್ತ ಹೆಸರು ಹೇಳಿದ್ದೇ ಅವಳ ಮುಖ ಅರಳಿತು. "ಅಯ್ಯೋ, ನೀವೇನಾ ನಿರ್ಮಲಜ್ಜಿ ಸೊಸೆ? ಫೋಟೋದಾಗೆ ಇನ್ನೂ ತೆಳ್ಳಗೆ ಕಾಣ್ತಿದ್ರಿ" ಎಂದಳು. ಜಗಳಕ್ಕೆಂದು ಹೋದವಳು ನಾನು, ಅವಳು ಎಳೆದು ಕೊಟ್ಟ ಸ್ಟೂಲಿನ ಮೇಲೆ ಕುಳಿತೆ.

ನೀವೊಬ್ಬರೇ ಹೋಗಿ ಫೋನ್ ಕೇಳಿದಿರಂತೆ. ವಯಸ್ಸಾದವರಿಗೆ ಕಂತಿನಲ್ಲಿ ಕೊಡಲು ಬರುವುದಿಲ್ಲ ಎಂದರೆ, "ನನಗೆ ಕೊಡಬ್ಯಾಡ್ರಿ, ನಮ್ಮ ಸೊಸೆ ಐದಾಳಲ್ಲ, ಅವಳ ಹೆಸರಿಗೆ ಬರ್ಕಳ್ರಿ" ಎಂದು ನನ್ನ ನಕಲುಗಳನ್ನು ಮುಂದಿಟ್ಟಿರಂತೆ. ಮಾಲೀಕ ವ್ಯಾಪಾರದ ಆಸೆಗೆ ನನ್ನ ಸಹಿಯನ್ನು ತಾನೇ ಗೀಚಿಕೊಂಡನಂತೆ. ಮನೆಯಲ್ಲಿ ಕಲ್ಪನಾ ಇದ್ದಾಳೆ. ವಿನಯ್ ಮದುವೆಯಾದ ಹುಡುಗಿ ಒಳ್ಳೆಯವಳು ಎಂದೇ ಕೇಳಿದ್ದೇನೆ. ಅಷ್ಟಿದ್ದೂ ಸೊಸೆ ಎಂದಾಗ ನಿಮ್ಮ ಬಾಯಿಗೆ ಬಂದದ್ದು ನಾನು.

ಕಂತು ಕಟ್ಟಲು ಹೋದಾಗಲೆಲ್ಲ ವಾಟ್ಸಾಪಿನಲ್ಲಿ ನನ್ನ ಫೋಟೋ ದೊಡ್ಡದು ಮಾಡಿಸಿಕೊಂಡು ನೋಡುತ್ತಿದ್ದಿರಂತೆ. ನಾನು ಫೋಟೋ ಬದಲಿಸಿದರೆ ಪುಷ್ಪಾಳಿಗೂ ತೋರಿಸಿ, ಸೀರೆ ಹೊಸದು, ಕೊರಳು ಬರಿದು, ಮುಖ ಬಾಡಿದೆ ಎಂದು ವರದಿ ಒಪ್ಪಿಸುತ್ತಿದ್ದಿರಂತೆ. ನನ್ನ ಕೊರಳು ನೋಡಿ ಮರುಗುವವರು ನನಗೆ ಇನ್ನು ಯಾರಿದ್ದಾರೆ, ಅತ್ತೆ? ಒಂದು ದಿನ ಫೋಟೋ ಮಾಯವಾಗಿ, ಆ ಜಾಗದಲ್ಲಿ ಬೂದು ಬಣ್ಣದ ಬೊಂಬೆ ಬಂತಂತೆ. ಪುಷ್ಪಾ ಏನು ಒತ್ತಿದರೂ ಸರಿಹೋಗಲಿಲ್ಲವಂತೆ. "ಅವಳಿಗೆ ನಾವು ಬ್ಯಾಡಾದ್ವಿ ಬಿಡವ್ವ. ಅವಳ ಮಕ ನೋಡಾಕೆ ಅಂತ ತಗಂಡಿದ್ದು ಇದು. ನಿಮ್ಮ ಸಾಮಾನು ನಿಮಗೇ ವಾಪಸ್" ಎಂದು ಫೋನನ್ನು ಮೇಜಿನ ಮೇಲಿಟ್ಟು ಬಸ್ ಹತ್ತಿದಿರಂತೆ. ಸಾಮಾನು ಮರಳಿಸಿದ ಮೇಲೆ ಸಾಲವೂ ತೀರಿತೆಂದು ನೀವು ತಿಳಿದಿರಿ. ಪಕ್ಕದ ಮನೆಯಿಂದ ತಂದ ರೊಟ್ಟಿ ಹಂಚಲ್ಲ ಅದು, ಕಂಪನಿಯವರ ಬಡ್ಡಿ ಓಡುತ್ತಲೇ ಇತ್ತು.

ದೂರನ್ನು ಅಲ್ಲೇ ಹರಿದೆ. ಆಕ್ಷೇಪಣೆ ಹಿಂದಕ್ಕೆ ಪಡೆದು ಬಾಕಿ ಕಟ್ಟಿದೆ. ಫೈನಾನ್ಸಿನ ಹುಡುಗ, ಹಾಗಾದರೆ ಫೋನ್ ಬಳಸಿದವರು ನಿಮಗೆ ಏನಾಗಬೇಕು ಎಂದು ಕೇಳಿದ. ನಮ್ಮ ಅತ್ತೆ ಎಂದೆ. ಆ ಮಾತನ್ನು ಗಟ್ಟಿಯಾಗಿ ಆಡಿ ಎಷ್ಟು ಕಾಲವಾಗಿತ್ತೋ, ಅವನು ಕೇಳದಿದ್ದರೂ ಇನ್ನೊಮ್ಮೆ ಹೇಳಿದೆ. ರಿಪೋರ್ಟ್ ಸರಿಹೋಗಲು ತಿಂಗಳುಗಳು ಹಿಡಿಯುತ್ತವಂತೆ. ಮಳಿಗೆ ಬೇರೆಯವರ ಪಾಲಾಯಿತು. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ದೂರಿನಿಂದ ಪೊಲೀಸರು ನಿಮ್ಮ ಬಾಗಿಲಿಗೆ ಬಂದಿದ್ದರೆ ನಾನು ಯಾವ ಗಿರಣಿಯಲ್ಲಿ ಏನು ಬೀಸುತ್ತಿದ್ದೆ? ಇನ್ನೊಂದು ಮಳಿಗೆ ಹುಡುಕುತ್ತೇನೆ.

ನಾನೇ ಬರಬಹುದಿತ್ತು. ನಿಮ್ಮೂರಿನ ಬಸ್ ನಿಲ್ದಾಣದವರೆಗೆ ಬಂದೂ ಇದ್ದೆ. ಕಲ್ಪನಾ ಬಾಗಿಲು ತೆರೆದರೆ ನಾನು ಯಾರೆಂದು ಹೇಳಲಿ ಎಂದು ಯೋಚಿಸಿ ವಾಪಸ್ ಬಂದೆ. ಆ ಹುಡುಗಿಯ ಮನಸ್ಸು ನೋಯಬಾರದು. ನಿಮ್ಮ ಫೋನ್ ಅಂಗಡಿಯ ಡ್ರಾಯರಿನಲ್ಲೇ ಬಿದ್ದಿತ್ತು, ಬಿಡಿಸಿಕೊಂಡು ಬಂದಿದ್ದೇನೆ. ಅದನ್ನೂ ಈ ಪತ್ರವನ್ನೂ ಪುಷ್ಪಾ ನಿಮ್ಮ ಕೈಗೇ ಕೊಡುತ್ತಾಳೆ. ಇನ್ನು ಕಂತಿಲ್ಲ, ಅದು ನಿಮ್ಮದೇ. ಮುಂದೆ ಏನಾದರೂ ಬೇಕಾದರೆ ನನ್ನ ಹೆಸರು ಬರೆಸುವ ಮುಂಚೆ ನನ್ನನ್ನು ಒಂದು ಮಾತು ಕೇಳಿ. ಇಲ್ಲ ಎನ್ನುವವಳಲ್ಲ ನಾನು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಈ ಸಲ ವಿನಯನ ತಪ್ಪೇನೂ ಇರಲಿಲ್ಲ ಎಂದು ಅವನಿಗೆ ಹೇಳಬೇಡಿ, ವಾರವಿಡೀ ಮೆರೆಯುತ್ತಾನೆ.

ನಿಮ್ಮ ಸೊಸೆ,
ಪ್ರಮೀಳಾ

ಬರೆಯಲೋ ಬೇಡವೋ ಎಂದುಕೊಂಡ ಮಾತು: ಫೋಟೋ ನಾನು ತೆಗೆದಿರಲಿಲ್ಲ. ನಿನ್ನೆ ನಿಮ್ಮ ಫೋನನ್ನು ಚಾರ್ಜಿಗೆ ಹಾಕಿ ಅದರ ವಾಟ್ಸಾಪಿನಿಂದ ನನಗೇ ಕರೆ ಮಾಡಿದೆ. ಪಕ್ಕದಲ್ಲೇ ಇದ್ದ ನನ್ನ ಫೋನ್ ಸದ್ದು ಮಾಡಲಿಲ್ಲ. ಆಗ ತಿಳಿಯಿತು. ಹಿಂದೆ ಗುರುತಿಲ್ಲದ ಒಂದು ನಂಬರಿನಿಂದ ವಾಟ್ಸಾಪ್ ಕರೆ ಬರುತ್ತಿತ್ತು, ಎತ್ತಿದರೆ ಮಾತಿಲ್ಲ, ಬರೀ ಉಸಿರು. ಯಾರೋ ಪೋಲಿ ಎಂದು ಬ್ಲಾಕ್ ಮಾಡಿದ್ದೆ. ಹಾಗೆ ಮಾಡಿದರೆ ಅವರಿಗೆ ನನ್ನ ಫೋಟೋ ಕೂಡ ಕಾಣುವುದಿಲ್ಲವಂತೆ. ಫೋಟೋ ಸವರುವಾಗ ನಿಮ್ಮ ಬೆರಳು ತಗುಲಿ ಕರೆ ಬರುತ್ತಿತ್ತೋ, ಬೇಕೆಂದೇ ಮಾಡಿ ಮಾತು ಹೊರಡದೆ ಕೂರುತ್ತಿದ್ದಿರೋ, ನನಗೆ ಗೊತ್ತಿಲ್ಲ. ಈಗ ಬ್ಲಾಕ್ ತೆಗೆದಿದ್ದೇನೆ. ಕರೆ ಮಾಡಿ ಅತ್ತೆ. ನೀವು ಮಾತಾಡದಿದ್ದರೂ ನಾನು ಫೋನ್ ಇಡುವುದಿಲ್ಲ.